ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಬಂಧನವಾದಾಗ: ಗುರುತಿನ ಪ್ರಮಾಣಪತ್ರದಿಂದ ಹಾಸನದ ಜೈಲಿನ ಕೊಠಡಿಯವರೆಗೆ ಸಮಗ್ರ ಮಾರ್ಗದರ್ಶಿ

ಹಾಸನ ಜಿಲ್ಲೆಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಯೊಬ್ಬರು ಬಂಧನಕ್ಕೊಳಗಾದರೆ ಅವರನ್ನು ಗಂಡಸರ ಬ್ಯಾರಕ್ಕಿನಲ್ಲಿ ಇಡಬೇಕೋ, ಹೆಂಗಸರ ವಿಭಾಗದಲ್ಲೋ, ಪ್ರತ್ಯೇಕ ಕೊಠಡಿಯಲ್ಲೋ ಎಂಬ ಪ್ರಶ್ನೆ ಜೈಲಿನ ಗೇಟಿನಲ್ಲಿ ಎದುರಾಗುತ್ತದೆಂದು ಹೆಚ್ಚಿನವರು ಭಾವಿಸುತ್ತಾರೆ. ವಾಸ್ತವದಲ್ಲಿ ಗೇಟಿಗೆ ಬರುವ ಹೊತ್ತಿಗೆ ಅರ್ಧ ಉತ್ತರ ಬರೆದು ಮುಗಿದಿರುತ್ತದೆ. ಮ್ಯಾಜಿಸ್ಟ್ರೇಟರು ಸಹಿ ಮಾಡಿದ ರಿಮ್ಯಾಂಡ್ ವಾರಂಟಿನಲ್ಲಿ (ಬಂಧಿತರನ್ನು ಜೈಲಿಗೆ ಕಳುಹಿಸುವ ಆದೇಶಪತ್ರದಲ್ಲಿ) ಲಿಂಗದ ಅಂಕಣದ ಮುಂದೆ ಏನಿದೆಯೋ ಅದನ್ನೇ ಜೈಲಿನ ಸಿಬ್ಬಂದಿ ದಾಖಲಾತಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಆ ವಾರಂಟಿಗೆ ಆ ಅಕ್ಷರ ಬಂದದ್ದು ಪೊಲೀಸರ ಬಂಧನ ಮೆಮೊದಿಂದ, ಮೆಮೊಗೆ ಬಂದದ್ದು ಬಹುಮಟ್ಟಿಗೆ ಆಧಾರ್ ಕಾರ್ಡಿನಿಂದ ಅಥವಾ ಠಾಣೆಯಲ್ಲಿದ್ದವರ ಕಣ್ಣಂದಾಜಿನಿಂದ. ಆದ್ದರಿಂದ ಈ ಮಾರ್ಗದರ್ಶಿ ಜೈಲಿನಿಂದ ಶುರುವಾಗುವುದಿಲ್ಲ. ಬಂಧನದ ಸಂಭವವೇ ಇಲ್ಲದ ದಿನಗಳಲ್ಲಿ ಮಾಡಿಟ್ಟುಕೊಳ್ಳಬೇಕಾದ ಕಾಗದದಿಂದ ಶುರುವಾಗಿ ಠಾಣೆ, ನ್ಯಾಯಾಲಯ, ಜೈಲು ಎಂಬ ಕ್ರಮದಲ್ಲಿ ಸಾಗುತ್ತದೆ. ಇದನ್ನು ಬರೆದಿರುವುದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ, ಅವರ ಮನೆಯವರಿಗೆ, ಹಮಾಮಿನ (ಸಮುದಾಯದವರು ಗುರುವಿನೊಂದಿಗೆ ಒಟ್ಟಾಗಿ ಬಾಳುವ ಮನೆಯ) ಗುರುಗಳಿಗೆ ಮತ್ತು ಇಂಥ ಪ್ರಕರಣವನ್ನು ಮೊದಲ ಬಾರಿ ಕೈಗೆತ್ತಿಕೊಳ್ಳುವ ಕಿರಿಯ ವಕೀಲರಿಗೆ.

ಕಾನೂನಿನ ಆಧಾರ

ಮೂಲ ಆಧಾರ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ಕೇಂದ್ರ ಸರ್ಕಾರದ ವಿರುದ್ಧ ಹೂಡಿದ್ದ ಈ ಪ್ರಕರಣವನ್ನು ವಕೀಲರು ಬಾಯಿಮಾತಿನಲ್ಲಿ ನಾಲ್ಸಾ ತೀರ್ಪು ಎನ್ನುತ್ತಾರೆ. ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠವು, ಒಬ್ಬ ವ್ಯಕ್ತಿ ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವುದು ಸಂವಿಧಾನದ 14, 15, 16, 19 ಮತ್ತು 21ನೇ ವಿಧಿಗಳೊಳಗೆ ಬರುವ ಹಕ್ಕು ಎಂದಿತು. ಲಿಂಗತ್ವವನ್ನು ಒಪ್ಪಿಕೊಳ್ಳಲು ಶಸ್ತ್ರಚಿಕಿತ್ಸೆಯಾಗಿರಲೇಬೇಕೆಂದು ಹಟ ಹಿಡಿಯುವುದು ಕಾನೂನುಬಾಹಿರ ಎಂದೂ ಹೇಳಿತು.

ಎರಡನೆಯ ಆಧಾರ 2020ರ ಜನವರಿ 10ರಿಂದ ಜಾರಿಗೆ ಬಂದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಕಾಯ್ದೆ. ಇದರ 3ನೇ ಕಲಂ ತಾರತಮ್ಯವನ್ನು ನಿಷೇಧಿಸುತ್ತದೆ. ಶಾಲೆ, ಉದ್ಯೋಗ, ಆಸ್ಪತ್ರೆ, ಬಾಡಿಗೆ ಮನೆಗಳ ಮಾತು ಬಂದು ಹೋದ ಮೇಲೆ, ಪಟ್ಟಿಯ ಕೊನೆಯಲ್ಲಿ, ಯಾವ ಸರ್ಕಾರಿ ಅಥವಾ ಖಾಸಗಿ ಸಂಸ್ಥೆಯ ಆರೈಕೆಯಲ್ಲಿ ಅಥವಾ ಅಭಿರಕ್ಷೆಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿ ಇರುತ್ತಾರೋ ಅಲ್ಲಿ ಅವರನ್ನು ಅನ್ಯಾಯವಾಗಿ ನಡೆಸಿಕೊಳ್ಳಬಾರದು ಎಂಬ ಉಪಕಲಂ ಇದೆ. ಇದನ್ನು ಓದದೆ ಮುಂದೆ ಹೋಗುವವರೇ ಹೆಚ್ಚು. ಜೈಲು ಎಂಬ ಪದ ಅಲ್ಲಿಲ್ಲ, ಆದರೆ ಜೈಲಿಗಿಂತ ಅಪ್ಪಟವಾದ ಅಭಿರಕ್ಷೆ ಇನ್ನೊಂದಿಲ್ಲ. ಜೈಲಿನ ವಿಷಯದಲ್ಲಿ ಬರೆಯುವ ಪ್ರತಿ ಅರ್ಜಿಯಲ್ಲೂ ಈ ಉಪಕಲಮನ್ನು ಉಲ್ಲೇಖಿಸಬೇಕು.

ಮೂರನೆಯದು, ಕೇಂದ್ರ ಗೃಹ ಸಚಿವಾಲಯವು 2022ರ ಜನವರಿ 10ರಂದು ಎಲ್ಲ ರಾಜ್ಯಗಳಿಗೆ ಕಳುಹಿಸಿದ ಸಲಹಾ ಸುತ್ತೋಲೆ. ಟ್ರಾನ್ಸ್‌ಜೆಂಡರ್ ಕೈದಿಗಳ ದಾಖಲಾತಿ, ಜಡತಿ (ಮೈ ತಪಾಸಣೆ), ವಸತಿ, ಆರೋಗ್ಯ, ಭೇಟಿ ಇವಿಷ್ಟನ್ನೂ ಅದು ಒಂದೊಂದಾಗಿ ಹೇಳುತ್ತದೆ. ಕಾರಾಗೃಹ ರಾಜ್ಯಪಟ್ಟಿಯ ವಿಷಯವಾದ್ದರಿಂದ ಇದು ಆಜ್ಞೆಯಲ್ಲ, ಸಲಹೆ. ಆ ಕಾರಣಕ್ಕೆ ಇದನ್ನು ಒಂಟಿಯಾಗಿ ಮುಂದಿಡದೆ ನಾಲ್ಸಾ ತೀರ್ಪು ಮತ್ತು 3ನೇ ಕಲಮಿನ ಜೊತೆಗೆ ಸೇರಿಸಿ ಮುಂದಿಡಬೇಕು. ಮೂರೂ ಒಟ್ಟಿಗಿದ್ದಾಗ ಅಧಿಕಾರಿಗೆ ‘ಇದು ಬರೀ ಸಲಹೆ’ ಎಂದು ತಳ್ಳಿಹಾಕುವುದು ಕಷ್ಟವಾಗುತ್ತದೆ.

ಕ್ರಿಮಿನಲ್ ಕಾನೂನಿನಲ್ಲೊಂದು ವಿಚಿತ್ರವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ತನ್ನ ವ್ಯಾಖ್ಯೆಗಳಲ್ಲಿ ಪುರುಷ, ಮಹಿಳೆಯರ ಜೊತೆ ಟ್ರಾನ್ಸ್‌ಜೆಂಡರ್ ಎಂದೂ ಸೇರಿಸಿಕೊಂಡಿದೆ. ಆದರೆ ಅದೇ ದಿನ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಬಂಧಿತರ ಜಡತಿಯ ಬಗ್ಗೆ ಇರುವ 49ನೇ ಕಲಂ, ಮಹಿಳೆಯ ಜಡತಿಯನ್ನು ಮಹಿಳೆಯೇ ಸಭ್ಯತೆಯಿಂದ ಮಾಡಬೇಕು ಎಂದಷ್ಟೇ ಹೇಳಿ ನಿಲ್ಲುತ್ತದೆ. ಈ ಕಂದರವನ್ನು ಅರ್ಜಿಯ ಮೂಲಕವೇ ತುಂಬಬೇಕಾಗುತ್ತದೆ.

ಮೊದಲ ಹಂತ: ಗುರುತಿನ ಪ್ರಮಾಣಪತ್ರ ಮಾಡಿಸಿಕೊಳ್ಳುವುದು

ಇಲ್ಲಿ ಹೇಳುವ ಕ್ರಮ 2019ರ ಕಾಯ್ದೆ ಹಾಗೂ 2020ರ ಸೆಪ್ಟೆಂಬರಿನಲ್ಲಿ ಹೊರಬಂದ ನಿಯಮಗಳದ್ದು. ಗುರುತಿನ ವಿಧಾನವು ತಿದ್ದುಪಡಿಗೆ ಒಳಗಾಗಬಲ್ಲ ಭಾಗವಾದ್ದರಿಂದ, ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಪಠ್ಯವನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅಥವಾ ವಕೀಲರಲ್ಲಿ ತಪ್ಪದೆ ನೋಡಿಕೊಂಡು ಮುಂದುವರಿಯಬೇಕು.

ಪ್ರಮಾಣಪತ್ರ ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದು, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಯದು. ಅರ್ಜಿಯನ್ನು 2020ರ ನವೆಂಬರಿನಲ್ಲಿ ಆರಂಭವಾದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ರಾಷ್ಟ್ರೀಯ ಪೋರ್ಟಲ್ಲಿನಲ್ಲಿ ಆನ್‌ಲೈನ್ ಮೂಲಕ ಹಾಕಬಹುದು. ಸಕಲೇಶಪುರದಿಂದಲೋ ಅರಕಲಗೂಡಿನಿಂದಲೋ ಹಾಸನದ ಡಿ.ಸಿ. ಕಚೇರಿಗೆ ಅಲೆಯುವ ಅಗತ್ಯವಿಲ್ಲ. ನಮೂನೆ 1 ಅರ್ಜಿ, ನಮೂನೆ 2 ಅಫಿಡವಿಟ್. ಅಫಿಡವಿಟ್‌ನಲ್ಲಿ ಹೇಳಬೇಕಾದದ್ದು ಸರಳ: ಹುಟ್ಟಿನಲ್ಲಿ ನನಗೆ ಇಂಥ ಲಿಂಗವನ್ನು ದಾಖಲಿಸಲಾಗಿತ್ತು, ನಾನು ನನ್ನನ್ನು ಇಂಥ ಲಿಂಗತ್ವದ ವ್ಯಕ್ತಿಯೆಂದು ಕಂಡುಕೊಂಡಿದ್ದೇನೆ. ಬಾಲ್ಯದ ಕಥೆ, ಮನೆ ಬಿಟ್ಟ ಕಾರಣ, ವೈದ್ಯರ ಚೀಟಿ ಯಾವುದೂ ಬೇಕಿಲ್ಲ. ನ್ಯಾಯಾಲಯದ ಆವರಣದಲ್ಲಿ ಬೆರಳಚ್ಚು ಮಾಡಿಕೊಡುವ ಕೆಲವರು ಅಭ್ಯಾಸಬಲದಿಂದ ‘ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದು’ ಎಂಬ ಸಾಲನ್ನು ಸೇರಿಸಿಬಿಡುವುದುಂಟು. ಮಾಡಿಸಿಕೊಳ್ಳದಿದ್ದವರು ಆ ಸಾಲನ್ನು ತೆಗೆಸಿಯೇ ಸಹಿ ಹಾಕಬೇಕು, ಏಕೆಂದರೆ ಅಫಿಡವಿಟ್‌ನಲ್ಲಿ ಸುಳ್ಳಿದ್ದರೆ ಮುಂದೊಂದು ದಿನ ಅದೇ ಕಾಗದ ಎದುರಾಳಿಯ ಆಯುಧವಾಗುತ್ತದೆ.

2020ರ ನಿಯಮಗಳ ಪ್ರಕಾರ ದೈಹಿಕ ಅಥವಾ ವೈದ್ಯಕೀಯ ಪರೀಕ್ಷೆಯಿಲ್ಲದೆ, ಅಫಿಡವಿಟ್ ಆಧಾರದ ಮೇಲೆ, 30 ದಿನಗಳೊಳಗೆ ನಮೂನೆ 3ರಲ್ಲಿ ಪ್ರಮಾಣಪತ್ರ ಬರಬೇಕು. ಅರ್ಜಿಯ ದಿನಕ್ಕೆ ಹಿಂದಿನ 12 ತಿಂಗಳು ನಿರಂತರವಾಗಿ ಆ ಜಿಲ್ಲೆಯಲ್ಲಿ ವಾಸವಿರಬೇಕೆಂಬ ಷರತ್ತೊಂದಿದೆ. ಹಮಾಮಿನಿಂದ ಹಮಾಮಿಗೆ, ಊರಿಂದ ಊರಿಗೆ ಹೋಗಿಬರುವವರಿಗೆ ತೊಡಕಾಗುವುದು ಇದೇ ಷರತ್ತು. ಪಡಿತರ ಚೀಟಿ, ಬಾಡಿಗೆ ಕರಾರು, ಬ್ಯಾಂಕ್ ಪಾಸ್‌ಬುಕ್‌ಗಳಲ್ಲಿ ವರ್ಷ ದಾಟಿದ ವಿಳಾಸ ಯಾವುದರಲ್ಲಿದೆಯೋ ಆ ಜಿಲ್ಲೆಯನ್ನೇ ಆರಿಸಿಕೊಳ್ಳುವುದು ಜಾಣತನ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ತಿಳಿಸಬೇಕು, ತಿಳಿಸಿದ ದಿನದಿಂದ 90 ದಿನಗಳೊಳಗೆ ಮೇಲ್ಮನವಿ ಹಾಕಬಹುದು. 2019ರ ಕಾಯ್ದೆ ಬರುವ ಮೊದಲೇ ಅಧಿಕೃತವಾಗಿ ಲಿಂಗತ್ವ ಬದಲಾಯಿಸಿಕೊಂಡವರು ಹೊಸದಾಗಿ ಅರ್ಜಿ ಹಾಕಬೇಕಿಲ್ಲ.

ನಮೂನೆ 3ರಲ್ಲಿ ಬರುವುದು ‘ಟ್ರಾನ್ಸ್‌ಜೆಂಡರ್’ ಎಂಬ ದಾಖಲೆ. ಶಸ್ತ್ರಚಿಕಿತ್ಸೆಯ ಅನಂತರ ಪುರುಷ ಅಥವಾ ಮಹಿಳೆ ಎಂದೇ ದಾಖಲಾಗಬೇಕೆಂದು ಬಯಸುವವರು 7ನೇ ಕಲಮಿನಡಿ, ಚಿಕಿತ್ಸೆ ನೀಡಿದ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರ ಅಥವಾ ಮುಖ್ಯ ವೈದ್ಯಾಧಿಕಾರಿಯ ಪತ್ರದೊಂದಿಗೆ, ಮತ್ತೊಮ್ಮೆ ಅರ್ಜಿ ಹಾಕಬೇಕು; ಅದು ನಮೂನೆ 4. ನಾಲ್ಸಾ ತೀರ್ಪಿನ ನಂತರವೂ ಪುರುಷ ಅಥವಾ ಮಹಿಳೆ ಎಂದು ಬರೆಸಿಕೊಳ್ಳಲು ಶಸ್ತ್ರಚಿಕಿತ್ಸೆಯ ಪತ್ರ ಕೇಳುವ ಈ ಕಲಂ ತೀರ್ಪಿನ ಆಶಯಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಜೈಲಿನ ಮಟ್ಟಿಗೆ ಎರಡು ನಮೂನೆಗಳ ನಡುವಿನ ವ್ಯತ್ಯಾಸ ದೊಡ್ಡದು: ಮಹಿಳೆ ಎಂದಿರುವ ನಮೂನೆ 4 ಕೈಯಲ್ಲಿದ್ದರೆ ಮಹಿಳೆಯರಿಗಾಗಿ ಇರುವ ಪ್ರತಿಯೊಂದು ರಕ್ಷಣೆಯನ್ನೂ ನೇರವಾಗಿ ಕೇಳಬಹುದು.

ಪ್ರಮಾಣಪತ್ರ ಬಂದ ಮೇಲೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗಬಾರದು. ಮೊದಲು ಆಧಾರ್, ಆಮೇಲೆ ಉಳಿದವು. ಪೊಲೀಸರು ಕೇಳುವುದು ಆಧಾರ್ ಕಾರ್ಡನ್ನು. ಅದರಲ್ಲಿ ಹಳೆಯ ಹೆಸರು, ಹಳೆಯ ಫೋಟೊ ಇದ್ದರೆ ಪ್ರಮಾಣಪತ್ರವಿದ್ದೂ ಇಲ್ಲದಂತೆ. ಜನನ ಪ್ರಮಾಣಪತ್ರದ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2024ರ ಡಿಸೆಂಬರಿನಲ್ಲಿ, ಹಳೆಯ ಮತ್ತು ಪರಿಷ್ಕೃತ ಹೆಸರು ಹಾಗೂ ಲಿಂಗ ಎರಡನ್ನೂ ತೋರಿಸುವ ಪರಿಷ್ಕೃತ ಪತ್ರ ಕೊಡಬೇಕೆಂದು ನಿರ್ದೇಶಿಸಿದೆ. ಎಲ್ಲ ಪತ್ರಗಳ ಫೋಟೊಗಳನ್ನು ತನ್ನ ಫೋನಿನಲ್ಲಿ ಮಾತ್ರವಲ್ಲ, ನಂಬಿಕೆಯ ಮತ್ತೊಬ್ಬರ ಫೋನಿನಲ್ಲೂ ಇಟ್ಟಿರಬೇಕು; ಬಂಧನವಾದ ಕೂಡಲೇ ಕೈತಪ್ಪುವ ಮೊದಲ ವಸ್ತು ಫೋನು.

ಎರಡನೆಯ ಹಂತ: ಠಾಣೆಯಲ್ಲಿ ಮೊದಲ 24 ಗಂಟೆ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲ್ವೆ ಕಾಯ್ದೆಯ 144ನೇ ಕಲಮಿನಡಿ ಭಿಕ್ಷಾಟನೆಯ ಪ್ರಕರಣವಾಗಿರಲಿ, ಹಾಸನದ ಬಸ್ ನಿಲ್ದಾಣದಲ್ಲಿ ನಡೆದ ಜಗಳವಾಗಿರಲಿ, ಗಂಭೀರ ಅಪರಾಧದ ಆರೋಪವೇ ಆಗಿರಲಿ, ಠಾಣೆಯಲ್ಲಿನ ಹಕ್ಕುಗಳು ಒಂದೇ. ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಂತೆ ಬಂಧನ ಮೆಮೊ ಬರೆದು, ಮನೆಯವರೊಬ್ಬರ ಅಥವಾ ಸ್ಥಳೀಯ ಗೌರವಾನ್ವಿತ ವ್ಯಕ್ತಿಯೊಬ್ಬರ ಸಾಕ್ಷಿ ಸಹಿ ಹಾಕಿಸಬೇಕು. 48ನೇ ಕಲಮಿನಂತೆ ಬಂಧಿತರು ಹೆಸರಿಸಿದ ಸಂಬಂಧಿ, ಸ್ನೇಹಿತ ಅಥವಾ ಬೇರೊಬ್ಬರಿಗೆ ಸುದ್ದಿ ಮುಟ್ಟಿಸಬೇಕು. ಹೆತ್ತವರೊಂದಿಗೆ ಮಾತುಬಿಟ್ಟವರು ಇಲ್ಲಿ ತಮ್ಮ ಗುರುವಿನ ಹೆಸರನ್ನೇ ಬರೆಸಬಹುದು. ರಕ್ತಸಂಬಂಧಿಯೇ ಆಗಿರಬೇಕೆಂದು ಕಾನೂನು ಹೇಳುವುದಿಲ್ಲ. 38ನೇ ಕಲಮಿನಂತೆ ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕಿದೆ. 58ನೇ ಕಲಮಿನಂತೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ಜಡತಿಗೆ ಮುಂಚೆ ಸ್ಪಷ್ಟವಾಗಿ ಹೇಳಬೇಕಾದ ಮಾತು: ‘ನಾನು ಟ್ರಾನ್ಸ್ ಮಹಿಳೆ, ನನ್ನ ಜಡತಿಯನ್ನು ಮಹಿಳಾ ಸಿಬ್ಬಂದಿಯೇ ಮಾಡಲಿ.’ ಒಪ್ಪದಿದ್ದರೆ ಕೈಕೈ ಮಿಲಾಯಿಸಬಾರದು, ಅದು ಇನ್ನೊಂದು ಪ್ರಕರಣಕ್ಕೆ ದಾರಿಯಾಗುತ್ತದೆ. ಯಾರು, ಎಷ್ಟು ಹೊತ್ತಿಗೆ, ಎಲ್ಲಿ, ಹೇಗೆ ಜಡತಿ ಮಾಡಿದರೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕು. ಅದಕ್ಕೂ ಮೊದಲು ನಡೆಯುವ ವೈದ್ಯಕೀಯ ತಪಾಸಣೆಯಲ್ಲಿ, ಮೈಮೇಲೆ ಗಾಯವಿದ್ದರೆ ವೈದ್ಯರಿಗೆ ತೋರಿಸಿ ಬರೆಸಬೇಕು. ಆ ತಪಾಸಣೆ ಇರುವುದು ಗಾಯ ಮತ್ತು ಆರೋಗ್ಯ ನೋಡಲು. ಲಿಂಗತ್ವ ‘ಪತ್ತೆ’ ಹಚ್ಚಲು ಅಂಗಾಂಗ ಪರೀಕ್ಷೆಗೆ ಮುಂದಾದರೆ ಅದಕ್ಕೆ ಒಪ್ಪಿಗೆಯಿಲ್ಲವೆಂದು ಹೇಳಿ, ಹಾಗೆ ಹೇಳಿದ್ದನ್ನು ವರದಿಯಲ್ಲೇ ಬರೆಯುವಂತೆ ಕೇಳಬೇಕು.

ಇತಿಹಾಸದ ಒಂದು ಮಾತು ಇಲ್ಲಿ ಅಪ್ರಸ್ತುತವಾಗಲಾರದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ ಈ ಸಮುದಾಯವನ್ನು ಪಟ್ಟಿ ಮಾಡಿ ಕಣ್ಗಾವಲಿನಲ್ಲಿಡಲು ಬ್ರಿಟಿಷರು ಬರೆದದ್ದು. ಅದು ಹೋಗಿ ದಶಕಗಳಾದ ಮೇಲೂ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ ಅದೇ ಧಾಟಿಯನ್ನು ಮುಂದುವರಿಸಲಾಯಿತು. ಹೈಕೋರ್ಟಿನಲ್ಲಿ ಪ್ರಶ್ನೆಯಾದ ಮೇಲೆ ಸಮುದಾಯವನ್ನು ಹೆಸರಿಸುವ ಪದವನ್ನು ಅಲ್ಲಿಂದ ತೆಗೆಯಲಾಯಿತು. ಠಾಣೆಯಲ್ಲಿ ಅನುಮಾನದ ನೋಟ ಎಲ್ಲಿಂದ ಬಂತೆಂದು ಕೇಳುವವರು ಈ ಎರಡು ಇಸವಿಗಳನ್ನು ನೋಡಬಹುದು.

ಮೂರನೆಯ ಹಂತ: ರಿಮ್ಯಾಂಡ್, ಎಲ್ಲಕ್ಕಿಂತ ಮುಖ್ಯವಾದ ಅರ್ಧ ಗಂಟೆ

ರಿಮ್ಯಾಂಡ್ ಎಂಬುದು ಬಹುಮಟ್ಟಿಗೆ ಅವಸರದ ವ್ಯವಹಾರ. ಸಂಜೆ ಹೊತ್ತಿಗೆ, ಕೆಲವೊಮ್ಮೆ ರಜಾ ದಿನ ನ್ಯಾಯಾಧೀಶರ ಮನೆಯ ಮುಂದೆ, ಪೊಲೀಸರು ಕಾಗದದ ಕಟ್ಟು ಹಿಡಿದು ನಿಂತಿರುತ್ತಾರೆ. ಮುದ್ರಿತ ವಾರಂಟ್ ನಮೂನೆಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಲಿಂಗ, ವಿಳಾಸ. ಲಿಂಗದ ಎದುರಿನ ಜಾಗ ಎರಡು ಅಕ್ಷರ ಹಿಡಿಸುವಷ್ಟು. ಪೊಲೀಸರ ರಿಮ್ಯಾಂಡ್ ಅರ್ಜಿಯಲ್ಲಿ ‘ಪು’ ಎಂದಿದ್ದರೆ ಗುಮಾಸ್ತರು ಇಲ್ಲೂ ‘ಪು’ ಎಂದು ಬರೆಯುತ್ತಾರೆ. ಕೆಟ್ಟ ಉದ್ದೇಶದಿಂದಲ್ಲ, ನಕಲು ಮಾಡುವುದೇ ಅವರ ಕೆಲಸವಾದ್ದರಿಂದ. ಆ ಅಕ್ಷರ ಸರಿಯಾಗಬೇಕಾದರೆ ಮ್ಯಾಜಿಸ್ಟ್ರೇಟರು ಸಹಿ ಹಾಕುವ ಮೊದಲು ಆರೋಪಿಯ ಪರವಾಗಿ ವಕೀಲರು ಸಲ್ಲಿಸುವ ಒಂದು ಮೆಮೊ, ಅಂದರೆ ಚಿಕ್ಕ ಮನವಿ, ಅವರ ಮೇಜಿನ ಮೇಲಿರಬೇಕು.

ವಕೀಲರಿಲ್ಲವೆಂದು ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಅಭಿರಕ್ಷೆಯಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇರುವುದು ಹಾಸನದ ಜಿಲ್ಲಾ ನ್ಯಾಯಾಲಯದಲ್ಲಿ. ತಾಲ್ಲೂಕುಗಳಲ್ಲಿ ತಾಲ್ಲೂಕು ಸಮಿತಿಗಳಿವೆ. 15100 ಎಂಬ ಸಹಾಯವಾಣಿಗೆ ಗುರುವೋ ಗೆಳೆಯರೋ ಕರೆ ಮಾಡಬಹುದು. ಮೆಮೊ ಉದ್ದವಾಗಿರಬೇಕಿಲ್ಲ. ಈ ಮಾದರಿ ಸಾಕು:

‘ಆರೋಪಿಯು ಟ್ರಾನ್ಸ್ ಮಹಿಳೆಯಾಗಿದ್ದು, ಜಿಲ್ಲಾ ಮ್ಯಾಜಿಸ್ಟ್ರೇಟರು ನೀಡಿದ ಗುರುತಿನ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಿದೆ. ಬಂಧನ ಮೆಮೊದಲ್ಲಿ ಲಿಂಗವನ್ನು ತಪ್ಪಾಗಿ ನಮೂದಿಸಲಾಗಿದೆ. ವಾರಂಟಿನಲ್ಲಿ ಆರೋಪಿಯ ಲಿಂಗತ್ವವನ್ನು ಪ್ರಮಾಣಪತ್ರದಂತೆ ನಮೂದಿಸಬೇಕೆಂದೂ, 2019ರ ಕಾಯ್ದೆಯ 3ನೇ ಕಲಂ ಮತ್ತು ಕೇಂದ್ರ ಗೃಹ ಸಚಿವಾಲಯದ ದಿನಾಂಕ 10-01-2022ರ ಸುತ್ತೋಲೆಗೆ ಅನುಗುಣವಾಗಿ ಆರೋಪಿಯನ್ನು ಪುರುಷ ಕೈದಿಗಳಿಂದ ಪ್ರತ್ಯೇಕವಾಗಿ, ಆದರೆ ಏಕಾಂತ ಬಂಧನವಾಗದಂತೆ ಇರಿಸಬೇಕೆಂದೂ, ಜಡತಿಯನ್ನು ಆರೋಪಿ ಬಯಸಿದ ಲಿಂಗದ ಸಿಬ್ಬಂದಿಯಿಂದಲೇ ಮಾಡಿಸಬೇಕೆಂದೂ, ನಡೆಯುತ್ತಿರುವ ಚಿಕಿತ್ಸೆಯನ್ನು ಮುಂದುವರಿಸಬೇಕೆಂದೂ ಕಾರಾಗೃಹದ ಅಧೀಕ್ಷಕರಿಗೆ ನಿರ್ದೇಶನ ನೀಡಬೇಕಾಗಿ ಪ್ರಾರ್ಥನೆ.’

ಪ್ರಮಾಣಪತ್ರವಿಲ್ಲದವರು ಮೊದಲ ವಾಕ್ಯದ ಬದಲು ‘ಆರೋಪಿಯು ತಾನು ಟ್ರಾನ್ಸ್ ಮಹಿಳೆಯೆಂದು ಈ ನ್ಯಾಯಾಲಯದ ಮುಂದೆ ಘೋಷಿಸುತ್ತಾರೆ’ ಎಂದು ಬರೆದು ನಾಲ್ಸಾ ತೀರ್ಪನ್ನು ಉಲ್ಲೇಖಿಸಬೇಕು. ತಪ್ಪು ನಮೂದಿನ ವಾಕ್ಯವನ್ನೂ, ‘ಪ್ರಮಾಣಪತ್ರದಂತೆ’ ಎಂಬುದನ್ನೂ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು. ಟ್ರಾನ್ಸ್ ಪುರುಷರ ಮೆಮೊದಲ್ಲಿ ವಸತಿಯ ಸಾಲು ಬೇರೆಯಾಗುತ್ತದೆ: ಪುರುಷರ ಸಾಮಾನ್ಯ ಬ್ಯಾರಕ್ಕಿನಲ್ಲಿ ಹಲ್ಲೆಯ ಭಯ, ಮಹಿಳೆಯರ ವಿಭಾಗದಲ್ಲಿ ತನ್ನ ಗುರುತೇ ಅಳಿದುಹೋಗುವ ಸಂಕಟ. ಸುತ್ತೋಲೆಯು ಟ್ರಾನ್ಸ್ ಪುರುಷರಿಗೂ ಟ್ರಾನ್ಸ್ ಮಹಿಳೆಯರಿಗೂ ಬೇರೆ ಬೇರೆ ಆವರಣವಿರಬೇಕೆಂದು ಹೇಳುವುದರಿಂದ, ಅವರು ಯಾವುದನ್ನು ಸುರಕ್ಷಿತವೆಂದು ಭಾವಿಸುತ್ತಾರೋ ಅದನ್ನು ಅವರನ್ನೇ ಕೇಳಿ ಬರೆಯಬೇಕು. ವಕೀಲರು ತಾವೇ ಊಹಿಸಿ ಬರೆಯಬಾರದು.

ಮೆಮೊ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆದೇಶ ಹಾಳೆಯಲ್ಲಿ ಅದರ ಪ್ರಸ್ತಾಪ ಬಂದಿದೆಯೇ, ವಾರಂಟಿನ ಅಕ್ಷರ ಬದಲಾಗಿದೆಯೇ ಎಂದು ನೋಡಿದ ಮೇಲೆ, ಜೊತೆಯಲ್ಲಿ ಹೋಗುವ ಪೊಲೀಸ್ ಸಿಬ್ಬಂದಿಯ ಕೈಗೆ ಮೆಮೊದ ಒಂದು ಪ್ರತಿಯನ್ನೂ ಕೊಡಬೇಕು. ಆ ದಿನ ಅವಕಾಶ ತಪ್ಪಿದರೂ ದಾರಿ ಮುಚ್ಚಿಲ್ಲ: ವಾರಂಟಿನಲ್ಲಿರುವ ಲಿಂಗ ಕೈದಿ ಹೇಳಿಕೊಳ್ಳುವ ಲಿಂಗತ್ವಕ್ಕೆ ಹೊಂದದಿದ್ದರೆ ತಿದ್ದುಪಡಿ ಕೋರಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಲು ಜೈಲಿನ ಅಧೀಕ್ಷಕರೇ ನೆರವಾಗಬೇಕೆಂದು ಸುತ್ತೋಲೆ ಹೇಳುತ್ತದೆ. ಆದರೆ ಅಷ್ಟರಲ್ಲಿ ಒಂದೆರಡು ರಾತ್ರಿ ಕಳೆದಿರುತ್ತದೆ, ಆ ರಾತ್ರಿಗಳೇ ಅಪಾಯದವು.

ನಾಲ್ಕನೆಯ ಹಂತ: ಜೈಲಿನ ದಾಖಲಾತಿ ಮತ್ತು ವಸತಿ

ದಾಖಲಾತಿ ಪುಸ್ತಕದಲ್ಲಿ ಪುರುಷ, ಮಹಿಳೆ ಎಂಬುದರ ಜೊತೆಗೆ ಟ್ರಾನ್ಸ್‌ಜೆಂಡರ್ ಎಂಬ ವರ್ಗ ಇರಬೇಕು, ಕಂಪ್ಯೂಟರ್ ದಾಖಲೆಯಲ್ಲೂ ಹಾಗೆಯೇ. ಜಡತಿಯನ್ನು ಕೈದಿ ಬಯಸಿದ ಲಿಂಗದ ಸಿಬ್ಬಂದಿ ಅಥವಾ ತರಬೇತಿ ಪಡೆದ ವೈದ್ಯಕೀಯ ಸಿಬ್ಬಂದಿ ಮಾಡಬೇಕು; ಬಟ್ಟೆ ತೆಗೆಸಲೇಬೇಕಾದ ಸಂದರ್ಭದಲ್ಲಿ ಮರೆಯಿರುವ ಕೋಣೆಯಲ್ಲಿ. ಕೈದಿಗೆ ಪ್ರಮಾಣಪತ್ರವಿಲ್ಲದಿದ್ದರೆ ಪೋರ್ಟಲ್ ಮೂಲಕ ಅರ್ಜಿ ಹಾಕಲು ಜೈಲಿನ ಅಧಿಕಾರಿಗಳೇ ಕಾನೂನು ಸೇವೆಗಳ ಪ್ರಾಧಿಕಾರದ ನೆರವಿನಿಂದ ಅನುವು ಮಾಡಿಕೊಡಬೇಕು. ಇವೆಲ್ಲ 2022ರ ಸುತ್ತೋಲೆಯಲ್ಲಿರುವ ಮಾತುಗಳು. ಗೇಟಿನಲ್ಲಿ ಇವನ್ನು ವಾದಿಸಿ ಗೆಲ್ಲುವುದಕ್ಕಿಂತ ನ್ಯಾಯಾಲಯದ ಆದೇಶದಲ್ಲಿ ಮೊದಲೇ ಬರೆಸಿ ತರುವುದು ಮೇಲು.

ವಸತಿಯ ಪ್ರಶ್ನೆ ಜಿಲ್ಲಾ ಕಾರಾಗೃಹಗಳಲ್ಲಿ ನಿಜಕ್ಕೂ ಜಟಿಲ. ಹಾಸನ, ಚಿಕ್ಕಮಗಳೂರುಗಳ ಜೈಲುಗಳು ಮೈಸೂರಿನ ಕೇಂದ್ರ ಕಾರಾಗೃಹದಂಥ ದೊಡ್ಡ ಆವರಣಗಳಲ್ಲ. ಹಿಂದಿನ ಕಾರಾಗೃಹ ಕಾನೂನು ಗಂಡು, ಹೆಣ್ಣುಗಳನ್ನು ಬೇರೆಯಿಡಿ ಎಂದಿತ್ತೇ ಹೊರತು ಮೂರನೆಯವರನ್ನು ನೆನೆಸಿಕೊಂಡಿರಲಿಲ್ಲ. ಗೋಡೆಗಳೂ ಆ ಕಾನೂನಿನ ಪ್ರಕಾರವೇ ಎದ್ದವು. 2023ರಲ್ಲಿ ಕೇಂದ್ರ ಸಿದ್ಧಪಡಿಸಿದ ಮಾದರಿ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಕಾಯ್ದೆ ಪ್ರತ್ಯೇಕ ವಸತಿಯ ಮಾತಾಡುತ್ತದೆ. ಸಣ್ಣ ಜೈಲಿನಲ್ಲಿ ‘ಪ್ರತ್ಯೇಕ ವಸತಿ’ ಎಂದರೆ ಅಭ್ಯಾಸದಲ್ಲಿ ಒಂಟಿ ಕೊಠಡಿ ಎಂದಾಗಿಬಿಡುವ ಅಪಾಯವಿದೆ. ರಕ್ಷಣೆಯ ಹೆಸರಿನಲ್ಲಿ ದಿನವಿಡೀ ಒಳಗೆ ಕೂಡಿಹಾಕಿದರೆ ಅದು ಶಿಕ್ಷೆಯೇ. ಏಕಾಂತ ಬಂಧನವನ್ನು ಜೈಲಿನವರು ತಮ್ಮಿಷ್ಟದಂತೆ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1978ರಲ್ಲೇ ಸುನಿಲ್ ಬಾತ್ರಾ ಪ್ರಕರಣದಲ್ಲಿ ಹೇಳಿದೆ. 2022ರ ಸುತ್ತೋಲೆಯೂ ಪ್ರತ್ಯೇಕತೆಯು ಸಂಪೂರ್ಣ ಒಂಟಿತನಕ್ಕೆ ಮತ್ತು ಕಳಂಕಕ್ಕೆ ಎಡೆಮಾಡಬಾರದೆಂದು ಎಚ್ಚರಿಸಿದೆ. ಆದ್ದರಿಂದ ವಕೀಲರು ಮೊದಲ ಭೇಟಿಯಲ್ಲಿ ‘ಎಲ್ಲಿಟ್ಟಿದ್ದಾರೆ’ ಎಂದಷ್ಟೇ ಕೇಳಬಾರದು. ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ಎಷ್ಟು ಹೊತ್ತು ಅಂಗಳಕ್ಕೆ ಬಿಡುತ್ತಾರೆ, ಸ್ನಾನದ ಮನೆಗೆ ಬಾಗಿಲಿದೆಯೇ, ಟಿ.ವಿ., ಪುಸ್ತಕ, ಕೆಲಸ ಉಳಿದವರಂತೆ ಸಿಗುತ್ತಿದೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಬೇಕು.

ಇಲ್ಲಿ ಅನುಕೂಲವಿಲ್ಲ, ಮೈಸೂರಿಗೆ ವರ್ಗಾಯಿಸುತ್ತೇವೆ ಎಂಬ ಮಾತು ಬರಬಹುದು. ಒಪ್ಪುವ ಮೊದಲು ತೂಗಿ ನೋಡಬೇಕು. ದೊಡ್ಡ ಜೈಲಿನಲ್ಲಿ ಜಾಗ ಇರಬಹುದು, ಆದರೆ ಸುಮಾರು 120 ಕಿಲೋಮೀಟರ್ ದೂರಕ್ಕೆ ಹೋದ ಮೇಲೆ ಗುರುವಿನ ಭೇಟಿ, ವಕೀಲರ ಭೇಟಿ ಎರಡೂ ಅಪರೂಪವಾಗಿ, ಹಾಸನದ ನ್ಯಾಯಾಲಯದ ಹಾಜರಿ ವಿಡಿಯೊ ಪರದೆಗೆ ಇಳಿಯುತ್ತದೆ. ಹಲ್ಲೆಯ ಭಯ ಇಲ್ಲದಿದ್ದರೆ ಇಲ್ಲಿಯೇ ವ್ಯವಸ್ಥೆ ಮಾಡಿಸುವುದು ಒಳ್ಳೆಯದೆಂಬುದು ನನ್ನ ನಿಲುವು. ವಿಚಾರಣಾಧೀನ ಕೈದಿಯನ್ನು ಬೇರೆ ಜೈಲಿಗೆ ಸಾಗಿಸಲು ನ್ಯಾಯಾಲಯದ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿರುವುದರಿಂದ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ.

ಐದನೆಯ ಹಂತ: ಔಷಧ ಮತ್ತು ಭೇಟಿ

ಹಾರ್ಮೋನ್ ಚಿಕಿತ್ಸೆಯಲ್ಲಿರುವವರು ವೈದ್ಯರ ಚೀಟಿಯ ಪ್ರತಿಯನ್ನು ರಿಮ್ಯಾಂಡ್ ದಿನವೇ ಸಲ್ಲಿಸಬೇಕು. ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಂಡು ನುಂಗುತ್ತಿದ್ದವರು ಜೈಲಿನ ವೈದ್ಯರಿಗೆ ಅದನ್ನು ಮುಚ್ಚಿಡದೆ ಹೇಳಿ, ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ತೋರಿಸುವಂತೆ ಕೇಳಬೇಕು. ಎಚ್.ಐ.ವಿ. ಚಿಕಿತ್ಸೆಯಲ್ಲಿರುವವರಿಗೆ 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯ ಬೆಂಬಲವಿದೆ: ಸರ್ಕಾರದ ಅಭಿರಕ್ಷೆಯಲ್ಲಿರುವ ಪ್ರತಿಯೊಬ್ಬರಿಗೂ ಪರೀಕ್ಷೆ, ಆಪ್ತಸಮಾಲೋಚನೆ, ಚಿಕಿತ್ಸೆಯ ಹಕ್ಕಿದೆ, ಮಾಹಿತಿಯನ್ನು ಗೋಪ್ಯವಾಗಿಡುವ ಹೊಣೆಯಿದೆ. ಎಚ್.ಐ.ವಿ.ಯನ್ನು ಹತೋಟಿಯಲ್ಲಿಡುವ ಎ.ಆರ್.ಟಿ. ಮಾತ್ರೆ ಒಂದು ದಿನವೂ ತಪ್ಪಬಾರದು. ಹಾಗಾಗಿ ಮನೆಯವರು ಚಿಕಿತ್ಸಾ ಪುಸ್ತಿಕೆಯನ್ನು ಮುಚ್ಚಿದ ಲಕೋಟೆಯಲ್ಲಿ ನೇರವಾಗಿ ಜೈಲಿನ ವೈದ್ಯರಿಗೆ ತಲುಪಿಸುವುದು ಸರಿ. ಗೇಟಿನಲ್ಲಿ ನಿಂತು ಬಾಯಲ್ಲಿ ವಿವರಿಸಿದರೆ ಗೋಪ್ಯತೆ ಅಲ್ಲೇ ಮುಗಿಯಿತು.

ಭೇಟಿಗೆ ಬರುವವರ ಹೆಸರುಗಳನ್ನು ಕೈದಿಯೇ ಬರೆಸಬೇಕಾದ್ದರಿಂದ, ಗುರು ಅಥವಾ ಸಂಗಾತಿಯ ಹೆಸರನ್ನು ಮೊದಲ ದಿನವೇ ಸಂಬಂಧದ ವಿವರಣೆಯೊಂದಿಗೆ ಬರೆಸಬೇಕು, ಬರುವವರು ತಮ್ಮ ಗುರುತಿನ ಚೀಟಿ ತರಬೇಕು.

ಆರನೆಯ ಹಂತ: ಅನ್ಯಾಯವಾದಾಗ ದೂರು

ಮೊದಲ ದೂರು ಅಧೀಕ್ಷಕರಿಗೆ, ಲಿಖಿತವಾಗಿ. 2019ರ ಕಾಯ್ದೆಯ 11ನೇ ಕಲಮಿನಂತೆ ಪ್ರತಿ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಬೇಕು, ಬಂದ ದೂರನ್ನು ಅವರು 15 ದಿನಗಳೊಳಗೆ ವಿಚಾರಿಸಬೇಕು. ಎರಡನೆಯ ದಾರಿ, ಜೈಲಿಗೆ ಬರುವ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರು ಮತ್ತು ಅರೆಕಾಲಿಕ ಕಾನೂನು ಸ್ವಯಂಸೇವಕರು. ಮೂರನೆಯದು, ಮುಂದಿನ ಹಾಜರಿಯಲ್ಲಿ ನ್ಯಾಯಾಧೀಶರಿಗೆ ಬಾಯಿಬಿಟ್ಟು ಹೇಳುವುದು. ವಿಡಿಯೊ ಹಾಜರಿಯಲ್ಲಿ ಜೈಲಿನ ಸಿಬ್ಬಂದಿ ಪಕ್ಕದಲ್ಲೇ ನಿಂತಿರುವುದರಿಂದ ಗಂಭೀರ ದೂರಿದ್ದಾಗ ವಕೀಲರು ಖುದ್ದು ಹಾಜರಿಗೆ ಅರ್ಜಿ ಹಾಕಬೇಕು.

ಲೈಂಗಿಕ ಹಲ್ಲೆಯ ವಿಷಯದಲ್ಲಿ ಕಾನೂನು ದುರ್ಬಲವಾಗಿದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನ್ಯಾಯ ಸಂಹಿತೆಯ ಅತ್ಯಾಚಾರದ ವ್ಯಾಖ್ಯೆ ಪುರುಷನು ಮಹಿಳೆಯ ಮೇಲೆ ಎಸಗುವ ಕೃತ್ಯಕ್ಕೆ ಸೀಮಿತ. ಹಿಂದೆ ಸಮ್ಮತಿಯಿಲ್ಲದ ಕೃತ್ಯಕ್ಕಾದರೂ ಬಳಕೆಯಾಗುತ್ತಿದ್ದ ಹಳೆಯ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಹೊಸ ಸಂಹಿತೆಯಲ್ಲಿ ಇಲ್ಲ. 2019ರ ಕಾಯ್ದೆ ಜಾರಿಗೆ ಬಂದಾಗ ಅದರ 18ನೇ ಕಲಮಿನಲ್ಲಿದ್ದ ಶಿಕ್ಷೆ 6 ತಿಂಗಳಿಂದ 2 ವರ್ಷ ಮಾತ್ರ. ಹೀಗಾಗಿ ದೂರಿನಲ್ಲಿ ಈ ಕಲಮಿನ ಜೊತೆಗೆ ಗಾಯ, ತೀವ್ರ ಗಾಯ, ಅಕ್ರಮ ತಡೆ, ಬೆದರಿಕೆಯ ಕಲಂಗಳನ್ನೂ, ಮಹಿಳೆ ಎಂಬ ನಮೂನೆ 4 ಇದ್ದವರ ಪ್ರಕರಣದಲ್ಲಿ ಮಹಿಳೆಯರ ವಿರುದ್ಧದ ಅಪರಾಧಗಳ ಕಲಂಗಳನ್ನೂ ಸೇರಿಸುವಂತೆ ಒತ್ತಾಯಿಸಬೇಕು. ಬಟ್ಟೆ ಒಗೆಯದೆ, ಸ್ನಾನ ಮಾಡದೆ ಮೊದಲು ವೈದ್ಯಕೀಯ ಪರೀಕ್ಷೆ ಕೇಳಬೇಕು.

ಸ್ಥಳೀಯವಾಗಿ ಪರಿಹಾರ ಸಿಗದಿದ್ದರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಅಥವಾ ಸಂವಿಧಾನದ 226ನೇ ವಿಧಿಯಡಿ ಬೆಂಗಳೂರಿನ ಹೈಕೋರ್ಟ್ ಪೀಠಕ್ಕೆ ರಿಟ್ ಅರ್ಜಿ. 3ನೇ ಕಲಂ ತಾರತಮ್ಯವನ್ನು ನಿಷೇಧಿಸಿದರೂ ಬರೀ ತಾರತಮ್ಯಕ್ಕೆಂದು ಶಿಕ್ಷೆ ಹೇಳದ ಕಾರಣ, ರಿಟ್ ಅರ್ಜಿಯೇ ಹೆಚ್ಚು ಹಲ್ಲಿರುವ ದಾರಿ. ಜೈಲಿನೊಳಗೆ ಜಾತಿಯ ಆಧಾರದ ಕೆಲಸ ಹಂಚಿಕೆಯನ್ನು ರದ್ದುಪಡಿಸಿದ ಸುಪ್ರೀಂ ಕೋರ್ಟಿನ 2024ರ ಅಕ್ಟೋಬರ್ 3ರ ಸುಕನ್ಯಾ ಶಾಂತಾ ತೀರ್ಪನ್ನು ಅಲ್ಲಿ ಉಲ್ಲೇಖಿಸಬಹುದು. ಸಮಾನತೆಯ ಹಕ್ಕು ಕಾರಾಗೃಹದ ಕೈಪಿಡಿಗಿಂತ ಮೇಲಿನದು ಎಂಬುದಕ್ಕೆ ಅದು ಇತ್ತೀಚಿನ ಗಟ್ಟಿ ಆಧಾರ.

ಏಳನೆಯ ಹಂತ: ಜಾಮೀನು ಮತ್ತು ಬಿಡುಗಡೆ

ಜಾಮೀನು ರಹಿತ ಅಪರಾಧದಲ್ಲೂ ಮಹಿಳೆ, ಮಗು, ರೋಗಿ, ಅಶಕ್ತರಿಗೆ ಜಾಮೀನು ನೀಡಲು ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಂ ಅವಕಾಶ ಕೊಡುತ್ತದೆ. ಟ್ರಾನ್ಸ್ ಮಹಿಳೆಯರ ಅರ್ಜಿಯಲ್ಲಿ ಇದನ್ನೂ, ಸೂಕ್ತ ವಸತಿಯಿಲ್ಲದ ಜೈಲಿನಲ್ಲಿ ಎದುರಾಗುವ ಅಪಾಯವನ್ನೂ ಸೇರಿಸಬೇಕು. ನಿಜವಾದ ಅಡ್ಡಿ ಬರುವುದು ಆದೇಶವಾದ ಮೇಲೆ. ಮನೆಯವರು ದೂರವಾಗಿರುವವರಿಗೆ ಪಹಣಿ ಹಿಡಿದು ಬಂದು ಶ್ಯೂರಿಟಿ ನಿಲ್ಲುವವರು ಯಾರು? ಜಾಮೀನು ಆದೇಶವಾಗಿ 7 ದಿನಗಳಾದರೂ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ನಿರ್ದೇಶಿಸಿದೆ. ಬಡ ಕೈದಿಗಳಿಗೆ ನೆರವು ನೀಡುವ ಕೇಂದ್ರದ ಯೋಜನೆಯಲ್ಲಿ, ಅದು 2023ರಲ್ಲಿ ಆರಂಭವಾದಾಗ, ವಿಚಾರಣಾಧೀನ ಕೈದಿಯ ಜಾಮೀನಿಗೆ 40,000 ರೂಪಾಯಿವರೆಗೆ, ಶಿಕ್ಷಿತರ ದಂಡ ಪಾವತಿಗೆ 25,000 ರೂಪಾಯಿವರೆಗೆ ಸಿಗಲು ಅವಕಾಶವಿತ್ತು. ಜಾಮೀನೇ ಸಿಗದೆ ಉಳಿದವರಲ್ಲಿ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳನ್ನು ಬಿಟ್ಟು, ಮೊದಲ ಬಾರಿಯ ಆರೋಪಿಗಳು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಭಾಗ ಕಳೆದ ಮೇಲೆ 479ನೇ ಕಲಮಿನಡಿ ಬಿಡುಗಡೆಗೆ ಅರ್ಹರು; ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿರುವವರಿಗೆ ಈ ಅನುಕೂಲವಿಲ್ಲ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಯ ಪಟ್ಟಿಯಲ್ಲಿ ಹೆಸರು ಸೇರಿದೆಯೇ ಎಂದು ವಕೀಲರು ವಿಚಾರಿಸುತ್ತಿರಬೇಕು.

ಬಿಡುಗಡೆಯ ದಿನ ಜೈಲಿನಿಂದ ಪಡೆದುಕೊಳ್ಳಬೇಕಾದವು: ದಾಖಲಾತಿಯ ವೇಳೆ ಒಪ್ಪಿಸಿದ ವಸ್ತುಗಳು, ಪ್ರಮಾಣಪತ್ರದ ಮೂಲಪ್ರತಿ, ಚಿಕಿತ್ಸೆಯ ದಾಖಲೆ, ಮುಂದಿನ ಹಾಜರಿಯ ದಿನಾಂಕ. ಒಳಗಿದ್ದಾಗ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದರೆ ಅದರ ಸಂಖ್ಯೆಯನ್ನೂ ಕೇಳಿ ಬರೆದುಕೊಳ್ಳಬೇಕು. ಆರೋಪಪಟ್ಟಿ ಸಲ್ಲಿಕೆಯಾದಾಗ ಅದರ ಮೊದಲ ಪುಟದಲ್ಲಿ ಹಳೆಯ ಹೆಸರು, ಹಳೆಯ ಲಿಂಗ ಮತ್ತೆ ತಲೆಯೆತ್ತುವುದು ಸಾಮಾನ್ಯ. ರಿಮ್ಯಾಂಡ್ ದಿನದ ಮೆಮೊ ಮತ್ತು ಆದೇಶದ ದೃಢೀಕೃತ ನಕಲನ್ನು ಆಗಲೇ ಪಡೆದಿಟ್ಟುಕೊಂಡಿದ್ದರೆ, ತಿದ್ದುಪಡಿಗೆ ಹೊಸದಾಗಿ ವಾದ ಹೂಡದೆ ಆ ನಕಲನ್ನೇ ಲಗತ್ತಿಸಿ ಒಂದು ಪುಟದ ಅರ್ಜಿ ಸಲ್ಲಿಸಬಹುದು.